ಗಾಳಿ ಬೆನ್ನಿಗಿದ್ದಾಗ

ಗಾಳಿ ದಿಕ್ಕು ಬದಲಿಸಿದೆ ಅನ್ನುವುದು ಅವನಿಗೆ, ದಾರಿಯ ಊರಲ್ಲಿ ರಾತ್ರಿ ತಂಗಿದ್ದ ಮನೆಯ ಹಾಸಿಗೆಯಲ್ಲಿದ್ದಾಗಲೇ ಗೊತ್ತಾಯಿತು. ಮಲಗುವಾಗ ಮುಂಬಾಗಿಲ ಸಂದಿಯಲ್ಲಿ ಸುಂಯ್‌ಗುಡುತ್ತಿದ್ದದ್ದು ಈಗ ಹಿಂದಿನ ಕಿಟಕಿಯ ಚಿಲಕ ಹಿಡಿದು ಅಲುಗಾಡಿಸುತ್ತಿತ್ತು. ಹೊರಟ ದಿನದಿಂದ ಬಿಡದೆ ಎದುರಿಗೇ ಬೀಸಿ, ಬಾಯಿಗೆ ಧೂಳು ತುಂಬಿ, ಸಂಜೆ ಹೊತ್ತಿಗೆ ಇಬ್ಬರ ತೊಡೆಗಳನ್ನೂ ಕಲ್ಲು ಮಾಡಿ ಇಡುತ್ತಿದ್ದ ಗಾಳಿ ಇವತ್ತು ಬೆನ್ನಿಗೆ ಬಂದಿದೆ. ಬಯಲಿನಲ್ಲಿ ಸೈಕಲ್ ತುಳಿಯುವವರು ಇದಕ್ಕಿಂತ ಹೆಚ್ಚಿನದೇನನ್ನೂ ಬೇಡಿಕೊಳ್ಳುವುದಿಲ್ಲ. ಅವನು ಮಾತ್ರ ಕಣ್ಣು ಮುಚ್ಚಿಕೊಂಡೇ, ಈ ದರಿದ್ರ ಗಾಳಿ ಇವತ್ತೇ ಬರಬೇಕಿತ್ತಾ ಅಂದುಕೊಂಡ. ಎದುರುಗಾಳಿಯೇ ಇದ್ದಿದ್ದರೆ ರೈಲು ನಿಲ್ಲುವ ಊರು ಮುಟ್ಟುವುದು ನಾಳೆ ಮಧ್ಯಾಹ್ನವಾಗುತ್ತಿತ್ತು, ಬೆಳಗಿನ ರೈಲು ತಪ್ಪುತ್ತಿತ್ತು, ತಪ್ಪಿದರೆ ಇನ್ನೊಂದು ದಿನ ಸಿಗುತ್ತಿತ್ತು, ಆ ಒಂದು ದಿನದಲ್ಲಿ ಅವನು ಹೇಳಬೇಕಾದ್ದನ್ನು ಹೇಳಿಬಿಡುತ್ತಿದ್ದ. ಹೊರಟಾಗಿನಿಂದ ಹೀಗೆಯೇ ಇವತ್ತು ಬೇಡ ನಾಳೆ, ನಾಳೆ ಬೇಡ ನಾಡಿದ್ದು ಅಂತ ಮುಂದಕ್ಕೆ ಹಾಕಿಕೊಂಡು ಬಂದಿದ್ದ. ಹೇಳಬೇಕಾದದ್ದೇನು ದೊಡ್ಡ ಭಾಷಣವಲ್ಲ. ಹೋಗಬೇಡ ಅನ್ನುವುದು, ಅಷ್ಟೇ. ಮಾತು ಕಲಿತ ಮಗು ಕೂಡ ಹೇಳುತ್ತದೆ.

ಹೆಂಡತಿ ಆಗಲೇ ಎದ್ದು ಸೈಕಲ್ಲಿನ ಚೀಲಗಳಿಗೆ ಬಟ್ಟೆ ತುಂಬುತ್ತಿದ್ದಳು. ಚೀಲಗಳನ್ನು ಹೊಲಿದವಳೂ ಅವಳೇ. ದಪ್ಪ ಬಟ್ಟೆ, ಜೋಡಿ ಹೊಲಿಗೆ, ಎಲ್ಲಿ ಎಳೆದರೂ ಜಗ್ಗದು. ಒಂದು ಚೀಲಕ್ಕೆ ಅವನ ಬಟ್ಟೆ, ಇನ್ನೊಂದಕ್ಕೆ ತನ್ನದು. ಇಷ್ಟು ವರ್ಷ ಎಲ್ಲಿಗೆ ಹೋದರೂ ಎರಡೂ ಚೀಲದಲ್ಲಿ ಇಬ್ಬರ ಬಟ್ಟೆಯೂ ಕಲಸಿಕೊಂಡಿರುತ್ತಿತ್ತು; ಬೇಕಾದದ್ದು ಸಿಗದೆ ರಸ್ತೆ ಬದಿಯಲ್ಲಿ ಎಲ್ಲವನ್ನೂ ಹರವಿಕೊಂಡು ಕೂತು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ಈ ಸಲ ಮಾತ್ರ ಅವಳು ಬೇರೆ ಬೇರೆ ತುಂಬಿದ್ದಳು. ಅವನು ಅದನ್ನು ಹೊರಟ ದಿನವೇ ನೋಡಿದ್ದ. ನೋಡಿ, ಒಳ್ಳೇ ವ್ಯವಸ್ಥೆ ಅಂದಿದ್ದ. ಆಮೇಲೆ ಆ ಮಾತನ್ನು ನೆನೆಸಿಕೊಂಡು ನಾಲಿಗೆ ಕಚ್ಚಿಕೊಂಡಿದ್ದ.

"ನಿಮ್ಮ ಕೋಟಿನ ಬೆನ್ನುಪಟ್ಟಿ ಗುಂಡಿ ಕಿತ್ತುಹೋಗಿದೆ. ಬಿಚ್ಚಿಕೊಡಿ, ಒಂದು ನಿಮಿಷದಲ್ಲಿ ಹಾಕಿಕೊಡ್ತೀನಿ," ಅಂದಳು.

"ಇರಲಿ ಬಿಡು, ಅದೇನು ಓಡಿಹೋಗುತ್ತಾ."

ಅವಳು ಸೂಜಿಯನ್ನು ಮತ್ತೆ ಡಬ್ಬಿಯೊಳಗಿಟ್ಟಳು. ಅವನಿಗೆ ಬೇಡ ಅನ್ನುವ ಮನಸ್ಸಿರಲಿಲ್ಲ. ಇನ್ನು ಮುಂದೆ ಗುಂಡಿ ಹಾಕಿಕೊಡುವವರು ಇರುವುದಿಲ್ಲವಲ್ಲ, ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳೋಣ ಅಂತ ಒಂದು ಹುಳಿ ಯೋಚನೆ ಬಂದು, ಅದೇ ಬಾಯಿಂದ ಆಚೆ ಬಿದ್ದಿತ್ತು. ಗಾಳಿ ತಡೆಯಲಿಕ್ಕೆ ಅವಳೇ ಹೊಲಿದುಕೊಟ್ಟ ಕೋಟು ಅದು. ಬೆನ್ನಿಗೆ ಅಡ್ಡಲಾಗಿ ಒಂದು ಪಟ್ಟಿ; ಒಂದು ತುದಿಗೆ ಹೊಲಿಗೆ, ಇನ್ನೊಂದು ತುದಿಗೆ ಗುಂಡಿ. ಗುಂಡಿಯಿಲ್ಲದ ತುದಿ ಈಗ ನಾಯಿಬಾಲದ ಹಾಗೆ ನೇತಾಡುತ್ತಿತ್ತು.

ಅಂಗಳಕ್ಕೆ ಬಂದು ಸೈಕಲ್ ಹೊರಗೆಳೆದ. ಇಬ್ಬರು ಒಬ್ಬರ ಹಿಂದೊಬ್ಬರು ಕೂತು ತುಳಿಯುವ ಜೋಡಿ ಸೈಕಲ್. ಬೀದಿಯವರು ಅದಕ್ಕೆ ಉದ್ದಪ್ಪ ಅಂತ ಹೆಸರಿಟ್ಟಿದ್ದರು. ಮುಂದಿನ ಸೀಟು ಅವನದು: ಹ್ಯಾಂಡಲ್, ಬ್ರೇಕು, ಗೇರು ಎಲ್ಲ ಅವನ ಕೈಯಲ್ಲೇ. ಹಿಂದಿನ ಸೀಟು ಅವಳದು: ಅಲ್ಲೂ ಒಂದು ಹ್ಯಾಂಡಲ್ ಇದೆ, ಆದರೆ ಅದು ಹಿಡಿದುಕೊಳ್ಳಲಿಕ್ಕೆ ಮಾತ್ರ, ಯಾವ ಕಡೆಗೂ ತಿರುಗುವುದಿಲ್ಲ. ಇಬ್ಬರ ಪೆಡಲ್‌ಗಳಿಗೂ ಚೈನಿನ ಸಂಬಂಧ. ಒಬ್ಬರು ತುಳಿದರೆ ಇನ್ನೊಬ್ಬರದೂ ತಿರುಗುತ್ತದೆ, ಅದರ ಮೇಲೆ ಕಾಲಿರಲಿ ಬಿಡಲಿ. ಹತ್ತುವುದಕ್ಕೆ ಇಳಿಯುವುದಕ್ಕೆ ಅವರದೇ ಒಂದು ಕ್ರಮವಿತ್ತು. ಅವನು ಕಾಲು ಊರಿ ಸೈಕಲ್ಲನ್ನು ಗಟ್ಟಿಯಾಗಿ ಹಿಡಿದು ನಿಲ್ಲಬೇಕು, ಹಿಂದೆ ತಿರುಗಬಾರದು, ತಿರುಗಿದರೆ ಸೈಕಲ್ ವಾಲುತ್ತದೆ. ಅವಳು ಹತ್ತಿ ಕೂತು ಅವನ ಬೆನ್ನಿಗೆ ಎರಡು ಸಲ ತಟ್ಟಬೇಕು. ಎರಡು ಸಲ ತಟ್ಟಿದರೆ, ಹತ್ತಿದ್ದೀನಿ, ಹೊರಡಿ ಅಂತ. ಒಂದೇ ಸಲ ತಟ್ಟಿದರೆ, ನಿಲ್ಲಿಸಿ, ಇಳೀಬೇಕು ಅಂತ. ಬಯಲಿನ ಗಾಳಿಯಲ್ಲಿ ಮಾತು ನೆಚ್ಚಿಕೊಳ್ಳುವ ಹಾಗಿಲ್ಲ ಎಂದು ಮದುವೆಯಾದ ಹೊಸತರಲ್ಲಿ ಅವನೇ ಮಾಡಿದ ನಿಯಮ ಇದು. ಎಂಥ ಅಚ್ಚುಕಟ್ಟು ಅಂತ ಆಗ ಹೆಮ್ಮೆಪಟ್ಟಿದ್ದ. ಈಗ ನೋಡಿದರೆ ಆ ನಿಯಮ ಸೈಕಲ್ಲಿಂದ ಇಳಿದು ಮನೆಯೊಳಗೂ ಬಂದು ಕೂತುಬಿಟ್ಟಿತ್ತು. ಮನೆಯಲ್ಲೂ ಅವರು ಮಾತಾಡುತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟೇ: ಹೊರಡೋಣ, ನಿಲ್ಲಿಸೋಣ.

ಎರಡು ಸಲ ತಟ್ಟಿದಳು. ಹೊರಟರು. ಊರು ದಾಟುತ್ತಿದ್ದ ಹಾಗೇ ಬಯಲು ತೆರೆದುಕೊಂಡಿತು. ಒಂದು ಮರವಿಲ್ಲ, ಒಂದು ದಿಬ್ಬವಿಲ್ಲ, ಒಣಹುಲ್ಲು ಮಲಗಿ ಎದ್ದು ಮಲಗಿ ಎದ್ದು ಕಣ್ಣು ಹರಿಯುವಷ್ಟು ದೂರ ಓಡುತ್ತಿತ್ತು, ಅದರ ನಡುವೆ ರಸ್ತೆ ಗೀರು ಎಳೆದ ಹಾಗೆ ನೆಟ್ಟಗೆ. ಗಾಳಿ ಹಿಂದಿನಿಂದ ಒತ್ತುತ್ತಿತ್ತು. ಅವನಿಗೆ ಅವಳ ಮುಖ ಕಾಣುತ್ತಿರಲಿಲ್ಲ, ಅವಳಿಗೆ ಅವನ ಬೆನ್ನು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಲೋಕ ಸುತ್ತಿ ಬಂದೆ ಅಂತ ಹೇಳ್ಕೋಬೇಡ, ನನ್ನ ಗಂಡನ ಬೆನ್ನು ನೋಡಿ ಬಂದೆ ಅಂತ ಹೇಳು ಅಂತ ಅವಳ ಅಕ್ಕ ಒಮ್ಮೆ ನಕ್ಕಿದ್ದಳು. ಈಗ ಅವಳು ರೈಲು ಹತ್ತಿ ಹೋಗುವುದು ಆ ಅಕ್ಕನ ಮನೆಗೇ. ಅಕ್ಕ ಶಾಲೆಮಕ್ಕಳ ಬಟ್ಟೆ ಹೊಲಿಯುವ ದೊಡ್ಡ ಅಂಗಡಿ ಇಟ್ಟಿದ್ದಾಳೆ, ಕೈ ಸಾಲದು, ಬಾ ಅಂದಿದ್ದಾಳೆ. ಅವಳು ಬರ್ತೀನಿ ಅಂದಿದ್ದಾಳೆ. ಎಷ್ಟು ದಿನಕ್ಕೆ ಅಂತ ಅವನು ಕೇಳಲಿಲ್ಲ. ಕೇಳಿದ್ದರೆ ಉತ್ತರ ಬರುತ್ತಿತ್ತಲ್ಲ, ಆ ಹೆದರಿಕೆ.

ಮಗಳು ಓದಲಿಕ್ಕೆಂದು ಬೇರೆ ಊರಿಗೆ ಹೋದಮೇಲೆ ಇಬ್ಬರ ನಡುವಿನ ಈ ದೂರ ಶುರುವಾಗಿದ್ದೋ, ಮುಂಚಿನಿಂದಲೂ ಇದ್ದು ಮಗಳ ಗಲಾಟೆಯಲ್ಲಿ ಮುಚ್ಚಿಹೋಗಿತ್ತೋ. ಅವನು ದಂತವೈದ್ಯರೊಬ್ಬರ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ ಕಟ್ಟುವವನು. ಮುಂದಿನ ಕೋಣೆಗೆ ಬರುವವರ ಮುಖ ಅವನು ನೋಡಿದವನಲ್ಲ, ಅವರ ಬಾಯಿಯ ಅಚ್ಚು ಮಾತ್ರ ಅವನ ಮೇಜಿಗೆ ಬರುತ್ತದೆ. ದಿನವಿಡೀ ಮೇಣ ಕರಗಿಸಿ, ಸಾಲು ಜೋಡಿಸಿ, ಉಜ್ಜಿ, ಹೊಳಪು ಕೊಟ್ಟು, ಮನೆಗೆ ಬಂದಮೇಲೂ ದೀಪದಡಿ ಯಾರದೋ ಕೆಳದವಡೆ ಹಿಡಿದು ಕೂರುತ್ತಿದ್ದ. ಊರಿಗೆಲ್ಲ ಬಾಯಿ ಮಾಡಿಕೊಡ್ತೀರಿ, ನಿಮಗೊಂದು ಮಾಡ್ಕೊಳ್ಳಿ ಅಂತ ಅವಳು ಹೇಳುತ್ತಿದ್ದದ್ದು ಮೊದಮೊದಲು ತಮಾಷೆಗೇ. ಒಂದು ಸಂಜೆ ಹಾಗೆ ಕೂತಿದ್ದವನು ಅಡಿಗೆಮನೆಯ ಕಡೆಗೆ, "ಏನು, ಇವತ್ತು ಸದ್ದೇ ಇಲ್ಲ?" ಅಂದ. ಉತ್ತರ ಬರಲಿಲ್ಲ. "ಸುಸ್ತಾಗಿದ್ರೆ ಮಲ್ಕೋ, ನಾನು ಬಡಿಸ್ಕೋತೀನಿ," ಅಂದ. ಎದ್ದು ಬಡಿಸಿಕೊಂಡು ಉಂಡ. ಸ್ವಲ್ಪ ಹೊತ್ತಾದ ಮೇಲೆ ಬೀದಿಬಾಗಿಲು ತೆರೆದು ಅವಳು ಒಳಗೆ ಬಂದಳು, ಚಪ್ಪಲಿ ಬಿಡುತ್ತಾ. ಬಸ್ಸು ಕೆಟ್ಟು ಎಲ್ಲೋ ಸಿಕ್ಕಿಕೊಂಡಿದ್ದಳಂತೆ, ನೀವು ಹುಡುಕ್ತಾ ಇರ್ತೀರಿ ಅಂತ ಓಡಿಬಂದಳಂತೆ. ಅವನ ತಟ್ಟೆ ನೋಡಿದಳು. ನಡೆದದ್ದನ್ನು ಅವನು ಪ್ರಾಮಾಣಿಕವಾಗಿ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನೂ ನಕ್ಕ. ಅದು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದ.

"ನಾನು ಇದ್ದೀನೋ ಇಲ್ವೋ ಅನ್ನೋದು ನಿಮಗೆ ಗೊತ್ತಾಗಲ್ಲ ರೀ," ಅಂತ ಅವಳು ಹೇಳಿದ್ದು ಅದಾಗಿ ಎಷ್ಟೋ ದಿನದ ಮೇಲೆ, ಬಟ್ಟೆ ಮಡಿಸುತ್ತಾ, ಏನೂ ಏರಿಳಿತವಿಲ್ಲದ ದನಿಯಲ್ಲಿ. "ಕೋಪ ಇಲ್ಲ. ನೀವು ಕೆಟ್ಟವರಲ್ಲ ಅಂತ ನನಗೆ ಗೊತ್ತು. ಇದ್ದರೆ ಗೊತ್ತಾಗೋ ಕಡೆ ಸ್ವಲ್ಪ ದಿನ ಇದ್ದು ನೋಡೋಣ ಅನ್ಸುತ್ತೆ." ಸೈಕಲ್ ಪ್ರವಾಸದ ಮಾತು ಮೊದಲೇ ಆಗಿತ್ತು, ರಜೆಯೂ ಸಿಕ್ಕಿತ್ತು. "ಅದನ್ಯಾಕೆ ಬಿಡೋದು? ರೈಲು ಸಿಗೋ ಊರಿನ ತನಕ ಸೈಕಲ್ ಮೇಲೇ ಹೋಗೋಣ. ಅಲ್ಲಿಂದ ನಾನು ಆ ಕಡೆ, ನೀವು ಈ ಕಡೆ," ಅಂದಳು. ಅವನು ಹೂಂ ಅಂದ. ಹೂಂ ಅನ್ನಲಿಕ್ಕೆ ಅವನಿಗೆ ಯಾವತ್ತೂ ಕಷ್ಟವಾಗಿಲ್ಲ.

ಬಿಸಿಲು ಏರಿದ ಮೇಲೆ ಒಂದು ಮೋರಿ ಸಿಕ್ಕಿತು. ನೀರಿಲ್ಲದ ಹಳ್ಳ, ಎರಡು ಬದಿಗೂ ಗಿಡ್ಡ ಕಟ್ಟೆ. ಆ ಬಯಲಿನಲ್ಲಿ ಕೂರಲಿಕ್ಕೆ ಅಂತ ಇದ್ದದ್ದು ಅದೊಂದೇ. ಇಳಿದು, ಕಟ್ಟೆಯ ಮರೆಯಲ್ಲಿ ಕೂತು, ನೀರು ಕುಡಿದು, ಒಂದಿಷ್ಟು ಹುರಿದ ಕಡಲೆಬೀಜ ತಿಂದರು. ಅವಳು ಹೆಬ್ಬೆರಳಿಂದ ಸಿಪ್ಪೆ ಉಜ್ಜಿ ಊದಿದಳು, ಸಿಪ್ಪೆ ಅವನ ಮೀಸೆಗೆ ಬಂದು ಕೂತಿತು, ಅವಳು ಕೈಚಾಚಿ ತೆಗೆದಳು. ಈಗ ಹೇಳಬಹುದು, ಅವನಿಗೆ ಅನ್ನಿಸಿತು. ಬಾಯಿ ತೆರೆದ. "ಗಾಳಿ ಹೀಗೇ ಇದ್ರೆ ಸಂಜೆಯೊಳಗೆ ಮುಟ್ತೀವಿ," ಅಂದ. ಅವಳು ಹೌದು ಅಂದಳು. ಎದ್ದು ಹೋಗಿ ಸೈಕಲ್ ಹಿಡಿದು ನಿಂತ, ತನಗೆ ತಾನೇ ಎರಡು ಬಾರಿಸಬೇಕು ಅನ್ನುವಷ್ಟು ಸಿಟ್ಟು ಬಂದಿತ್ತು. ಹಿಂದೆ ಸೈಕಲ್ ಅಲುಗಾಡಿತು, ಚೀಲದ ಪಟ್ಟಿ ಬಿಗಿದ ಸದ್ದಾಯಿತು. ಆಮೇಲೆ ಬೆನ್ನಿಗೆ ಎರಡು ಸಲ ತಟ್ಟಿತು. ನೆಲ ಒದ್ದು ಹೊರಟ.

ಗಾಳಿ ಈಗ ಬೆಳಿಗ್ಗೆಗಿಂತ ಜೋರಾಗಿತ್ತು. ಸೈಕಲ್ ತಾನಾಗಿ ಓಡತೊಡಗಿತು. ಬೆನ್ನಿಗೆ ಬೀಸುವ ಗಾಳಿಯದು ಒಂದು ವಿಚಿತ್ರ. ಅದರ ವೇಗಕ್ಕೇ ನಾವೂ ಹೋಗುತ್ತಿದ್ದರೆ ಗಾಳಿಯೇ ಇಲ್ಲದಂತಾಗುತ್ತದೆ. ಸುತ್ತ ಹುಲ್ಲೆಲ್ಲ ನೆಲಕ್ಕೆ ಬಗ್ಗಿರುತ್ತದೆ, ಕಿವಿಯಲ್ಲಿ ಮಾತ್ರ ಬಾಗಿಲು ಹಾಕಿದ ಕೋಣೆಯ ಮೌನ. ಟೈರು ರಸ್ತೆಯನ್ನು ಸವರುವುದು ಕೇಳುತ್ತದೆ, ತನ್ನ ಉಸಿರು ತನಗೇ ಕೇಳುತ್ತದೆ. ಪೆಡಲ್ ಇಷ್ಟು ಹಗುರಾಗಿ ತಿರುಗಿದ್ದನ್ನು ಅವನು ಕಂಡಿರಲಿಲ್ಲ. ಅವನಿಗೆ ಒಂದು ಹಳೆಯ ಗುಮಾನಿಯಿತ್ತು, ಯಾರ ಹತ್ತಿರವೂ ಹೇಳದ್ದು: ಅವಳು ಹಿಂದೆ ಕೂತು ಸರಿಯಾಗಿ ತುಳಿಯುವುದಿಲ್ಲ, ಸುಮ್ಮನೆ ಪೆಡಲ್ ಮೇಲೆ ಕಾಲಿಟ್ಟಿರುತ್ತಾಳೆ ಅಂತ. ಏರಿನಲ್ಲಿ, ಎದುರುಗಾಳಿಯಲ್ಲಿ, ತೊಡೆ ಉರಿಯುವಾಗಲೆಲ್ಲ ಅನ್ನಿಸುತ್ತಿತ್ತು. ಅಡ್ಡಿಯಿಲ್ಲ, ಅವಳನ್ನೂ ಸೇರಿಸಿ ನಾನೇ ಎಳೆಯುತ್ತೇನೆ ಅಂತ ಒಳಗೊಳಗೇ ದೊಡ್ಡಸ್ತಿಕೆ ತಂದುಕೊಳ್ಳುತ್ತಿದ್ದ. ಈಗ ಆ ಗುಮಾನಿಗೂ ನಾಚಿಕೆಯಾಯಿತು. "ಇವತ್ತು ತುಂಬಾ ಚೆನ್ನಾಗಿ ತುಳೀತಿದ್ದೀಯ," ಅಂದ.

ಹಾಗೆ ಅಂದದ್ದೇ ಬಾಯಿಯ ಅಗುಳಿ ಸರಿದ ಹಾಗಾಯಿತು. ಮುಖ ಕಾಣದಿರುವುದೂ ಒಳ್ಳೆಯದೇ ಆಯಿತು. "ನೋಡು, ಒಂದು ಮಾತು ಹೇಳ್ತೀನಿ, ನಗಬೇಡ," ಅಂದ. "ನೀನು ಬಟ್ಟೆ ಬೇರೆ ಬೇರೆ ತುಂಬಿದ್ದು ನಾನು ನೋಡ್ದೆ. ಒಳ್ಳೇ ವ್ಯವಸ್ಥೆ ಅಂತ ಯಾಕಂದ್ನೋ, ನನ್ನ ಬಾಯಿಗೆ ಅಷ್ಟು. ಹೊಟ್ಟೆಯೊಳಗೆ ಬೇರೆ ಇತ್ತು." ಒಂದು ಕೈ ಹ್ಯಾಂಡಲಿನಿಂದ ತೆಗೆದು ಗಾಳಿಯಲ್ಲಿ ಆಡಿಸಿದ. "ಗೊತ್ತಾಗಲ್ಲ ಅಂತೀಯಲ್ಲ. ಗೊತ್ತಾಗುತ್ತೆ. ನೀನು ಹೊಲಿಗೆ ಮೆಷಿನ್ ತುಳಿಯೋ ಸದ್ದು ಇಲ್ಲದೇ ಇದ್ರೆ ನನಗೆ ಹಲ್ಲಿನ ಸಾಲು ಸೊಟ್ಟ ಆಗುತ್ತೆ. ಆ ಸದ್ದು ಕೇಳ್ತಾ ಇದ್ದೀನಿ ಅಂತಾನೇ ಗೊತ್ತಿರಲ್ಲ, ಅದು ನಿಜ. ಆದ್ರೆ ಕೇಳ್ತಾ ಇರ್ತೀನಿ. ಅವತ್ತು ಸಂಜೆ ನೀನು ಮನೇಲಿಲ್ಲದಾಗ ಮಾತಾಡ್ದೆ ಅಂತ ನಕ್ಕೆಯಲ್ಲ, ನೀನಿದ್ದೀಯ ಅಂತ ಅಷ್ಟು ಗ್ಯಾರಂಟಿ ನನಗೆ, ಅದಕ್ಕೇ ಮಾತಾಡಿದ್ದು. ತಪ್ಪೇ. ತಪ್ಪಲ್ಲ ಅಂತಿಲ್ಲ." ಎಷ್ಟೋ ವರ್ಷಗಳಲ್ಲಿ ಇಷ್ಟು ಮಾತನ್ನು ಅವನು ಒಟ್ಟಿಗೆ ಆಡಿರಲಿಲ್ಲ. "ಹೋಗಬೇಡ. ರೈಲು ಹತ್ತಬೇಡ. ಅಕ್ಕನಿಗೆ ಬೇಕಾದ್ರೆ ನಾನೇ ಹೇಳ್ತೀನಿ. ನೀನು ಇರಬೇಕು."

ಉತ್ತರ ಬರಲಿಲ್ಲ. ಅವಸರವಿಲ್ಲ, ಯೋಚಿಸಲಿ ಅಂದುಕೊಂಡ. ಇಷ್ಟು ದಿನ ಕಾಯಿಸಿದವನು ನಾನು, ಸ್ವಲ್ಪ ಕಾಯುವುದು ನನಗೂ ಇರಲಿ. ಹೇಳಿಬಿಟ್ಟೆ ಅನ್ನುವ ಹಗುರದಲ್ಲಿ ಇನ್ನೂ ಜೋರಾಗಿ ತುಳಿದ. ರಸ್ತೆಬದಿಯ ಕಲ್ಲುಗಳು ಹಿಂದೆ ಸರಿದವು. ಆಮೇಲೆ ಹಗುರ ಹೋಗಿ ಕಳವಳ ಶುರುವಾಯಿತು. ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಒಂದು ಹೂಂ ಆದರೂ ಅನ್ನಬಾರದೇ, ಬಾಯಿ ಬಿಟ್ಟು ಕೇಳಿಕೊಂಡವನಿಗೆ. ಬಾಯಾರಿತ್ತು. ಯಾವಾಗಲಿನ ಅಭ್ಯಾಸದಂತೆ ಬಲಗೈಯನ್ನು ಹಿಂದಕ್ಕೆ ಚಾಚಿ ಅಂಗೈ ಬಿಚ್ಚಿದ. ಕೇಳಬೇಕಾಗಿಲ್ಲ, ಬಿಚ್ಚಿದರೆ ಸಾಕು, ಮುಚ್ಚಳ ತೆಗೆದ ನೀರಿನ ಬಾಟಲಿ ಬಂದು ಅಂಗೈಯಲ್ಲಿ ಕೂರುತ್ತದೆ. ಎಂಥ ಜಗಳದ ದಿನವೂ ಕೂತಿದೆ. ಅಂಗೈ ಹಾಗೇ ಇತ್ತು. ಇನ್ನಷ್ಟು ಚಾಚಿದ. ಬೆರಳಿಗೆ ಏನೂ ತಾಗಲಿಲ್ಲ. ಅವನು ಬ್ರೇಕ್ ಹಿಡಿದು, ಕಾಲೂರಿ, ಎಂದೂ ತಿರುಗದವನು ತಿರುಗಿ ನೋಡಿದ.

ಸೀಟು ಖಾಲಿಯಿತ್ತು. ಅದರಾಚೆ ರಸ್ತೆ, ಹುಲ್ಲು, ಆಕಾಶ. ಬಿದ್ದಳೇ? ಬಿದ್ದಿದ್ದರೆ ಸೈಕಲ್ ಅಲುಗಾಡದೆ ಇರುತ್ತಿತ್ತೇ? ಅಷ್ಟರಲ್ಲಿ ಗಾಳಿ ಒಂದು ಸಲ ಬೀಸಿತು, ಬೆನ್ನಿಗೆ ತಟ್, ತಟ್ ಅಂತ ಎರಡು ಸಲ ತಟ್ಟಿತು. ಕೈ ಹಿಂದೆ ಹಾಕಿ ಮುಟ್ಟಿ ನೋಡಿಕೊಂಡ. ಗುಂಡಿಯಿಲ್ಲದ ಪಟ್ಟಿ. ಅವಳು ಏನು ಹೇಳಿದ್ದಳೋ ಅದನ್ನೇ, ಅಕ್ಷರಕ್ಕೆ ಅಕ್ಷರ, ಈ ಬಯಲಿನ ನಡುವೆ ಮಾಡಿ ತೋರಿಸಿದ್ದ. ಖಾಲಿ ಸೀಟಿಗೆ, ಚೆನ್ನಾಗಿ ತುಳೀತಿದ್ದೀಯ ಅಂದಿದ್ದ.

ಸೈಕಲ್ ತಿರುಗಿಸಿದ. ತಿರುಗಿಸಿದ್ದೇ ತಡ, ಗಾಳಿ ಎದೆಗೆ ಕೈಯಿಟ್ಟು ತಳ್ಳಿತು. ಇಷ್ಟು ಹೊತ್ತು ಇಲ್ಲವೇ ಇಲ್ಲ ಅನ್ನಿಸಿದ್ದ ಗಾಳಿ ಎಲ್ಲಿ ಅಡಗಿಕೊಂಡಿತ್ತೋ. ಗೇರು ಇಳಿಸಿದ, ಇನ್ನೂ ಇಳಿಸಿದ, ಇನ್ನು ಇಳಿಸಲಿಕ್ಕೆ ಉಳಿದಿರಲಿಲ್ಲ. ಎದ್ದು ನಿಂತು ಮೈಭಾರವೆಲ್ಲ ಹಾಕಿ ತುಳಿದ. ಉದ್ದಪ್ಪ ಮಿಸುಕಿದ, ಅಷ್ಟೇ. ಇದೇ ಗಾಳಿಯಲ್ಲಿ ಹೊರಟ ದಿನದಿಂದ ಬೆಳಗಿನಿಂದ ಸಂಜೆಯ ತನಕ ಬಂದಿದ್ದರಲ್ಲ, ಆಗ ಎಳೆಯುತ್ತಿದ್ದವರು ಯಾರು? ಹಿಂದಿನ ಪೆಡಲ್‌ಗಳು ಯಾರೂ ಇಲ್ಲದೆ ತಮ್ಮಷ್ಟಕ್ಕೆ ತಿರುಗುತ್ತಿದ್ದವು. ಅವಳು ಹೊಲಿಗೆ ಮೆಷಿನ್ ತುಳಿದು ತುಳಿದು ಗಟ್ಟಿಯಾದ ಕಾಲಿನವಳು, ಒಂದೇ ಸಮ, ಸದ್ದಿಲ್ಲದೆ, ಹೇಳಿಕೊಳ್ಳದೆ. ಅವನಿಗೆ ಅಳು ಬಂತು. ಗಾಳಿಗೆ ಕಣ್ಣೀರು ಕಿವಿಯ ಕಡೆಗೆ ಹರಿಯಿತು, ಒರೆಸಿಕೊಳ್ಳಲಿಕ್ಕೆ ಕೈ ಬಿಡುವ ಹಾಗಿರಲಿಲ್ಲ.

ತುಳಿಯುತ್ತಾ ಇನ್ನೊಂದು ಹೊಳೆಯಿತು, ಹೊಳೆಯದಿದ್ದರೆ ಚೆನ್ನಾಗಿತ್ತು. ಗಾಳಿ ಬೀಸುತ್ತಿದ್ದದ್ದು ಅವಳಿದ್ದ ಕಡೆಯಿಂದ ಅವನ ಕಡೆಗೆ. ಅವಳು ಒಂದು ಸಲ ರೀ ಅಂದಿದ್ದರೆ ಸಾಕಿತ್ತು, ಗಾಳಿ ತಂದು ಕಿವಿಗೇ ಹಾಕುತ್ತಿತ್ತು. ಅವಳು ಕೂಗಿರಲಿಲ್ಲ. ಯಾಕೆ ಕೂಗಲಿಲ್ಲ? ಸರಿ, ಹೋಗಲಿ ಅಂತಲೇ? ಅವಳ ಬಟ್ಟೆಯ ಚೀಲ ಮಾತ್ರ ಇಲ್ಲೇ ಇತ್ತು, ಹಿಂದಿನ ಚಕ್ರದ ಪಕ್ಕದಲ್ಲಿ. ಅದನ್ನು ನೋಡಿ ಸ್ವಲ್ಪ ಧೈರ್ಯ ತಂದುಕೊಂಡ.

ದೂರದಿಂದ ಒಂದು ಹಾಲಿನ ವ್ಯಾನ್ ಬಂತು. ಅವಳು ಅದರೊಳಗಿದ್ದರೆ? ಹಾಗಾದರೆ ಈಗ ನನ್ನನ್ನು ದಾಟಿ, ತಿರುಗಿಯೂ ನೋಡದೆ ಹೋಗಿಬಿಡುತ್ತಾಳೆ, ಹೋಗಲು ಹಕ್ಕೂ ಇದೆ ಅಂದುಕೊಂಡು ಪಕ್ಕಕ್ಕೆ ಸರಿದು ನಿಂತ. ವ್ಯಾನ್ ನಿಂತಿತು. ಡ್ರೈವರ್ ಒಬ್ಬನೇ ಇದ್ದ, ಗುಂಡುಮುಖ, ಕತ್ತಿಗೆ ಟವೆಲ್. ಅವನು ಉದ್ದಪ್ಪನನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದ.

"ಆ ಮೋರಿ ಹತ್ರ ಕೂತಿದ್ದಾರಲ್ಲ, ನಿಮ್ಮೋರಾ?"

"ಹೌದು. ಹುಷಾರಾಗಿದ್ದಾರಾ?"

"ಅವರಿಗೇನು, ಕಟ್ಟೆ ಮೇಲೆ ಕಾಲಾಡಿಸ್ಕೊಂಡು ಕೂತಿದ್ದಾರೆ. ಹತ್ತಿಕೊಳ್ಳಿ, ಊರಿಗೆ ಬಿಡ್ತೀನಿ ಅಂದೆ. ಬೇಡಪ್ಪ, ನಮ್ಮೋರು ಮುಂದೆ ಹೋಗಿದ್ದಾರೆ ಅಂದ್ರು. ವಾಪಸ್ ಬರ್ತಾರಾ ಅಂತ ಕೇಳ್ದೆ. ಬಂದ್ರೂ ಬರಬಹುದು ಅಂದ್ರು." ಡ್ರೈವರ್ ನಗು ತಡೆದುಕೊಂಡ. "ಬೇಜಾರು ಮಾಡ್ಕೋಬೇಡಿ ಸಾರ್, ಕೊಡೆ ಬಿಟ್ಟು ಬಂದೋರನ್ನ ನೋಡಿದ್ದೀನಿ."

"ಅಷ್ಟೇನಾ ಅಂದಿದ್ದು?"

"ಅಷ್ಟೇ. ಆಮೇಲೆ, ಇನ್ನೂ ದೂರ ಇದೆ ಸಾರ್. ತಿರುಗಿಸ್ಕೊಂಡು ಬಿಟ್ಟುಕೊಡೋಣ ಅಂದ್ರೆ ಹಾಲು ಒಡೆದುಹೋಗುತ್ತೆ, ನಿಮ್ಮ ಗಾಡಿ ಬೇರೆ ಒಳಗೆ ಹಿಡಿಸಲ್ಲ."

ವ್ಯಾನ್ ಹೋಯಿತು. ಬಂದರೂ ಬರಬಹುದು. ಅವನು ಆ ಮಾತನ್ನು ಪೆಡಲ್ ತುಳಿದಷ್ಟು ಸಲವೂ ತಿರುಗಿಸಿ ನೋಡಿದ. ಬಂದೇ ಬರುತ್ತಾರೆ ಅನ್ನಬಹುದಿತ್ತು. ಬರೋದಿಲ್ಲ ಅಂತಲೂ ಅನ್ನಬಹುದಿತ್ತು, ಹಾಗಂದಿಲ್ಲ. ಇಳಿದು ತಳ್ಳಿದ. ಮತ್ತೆ ಹತ್ತಿದ. ಎಷ್ಟೋ ಹೊತ್ತಿನ ಮೇಲೆ ರಸ್ತೆಯ ತುದಿಯಲ್ಲಿ ಒಂದು ಚುಕ್ಕೆ ಕಂಡಿತು, ಕಲ್ಲೋ ಮನುಷ್ಯರೋ ಗೊತ್ತಾಗಲಿಲ್ಲ. ಆ ಬಯಲಿನಲ್ಲಿ ಕಂಡದ್ದೆಲ್ಲ ಹತ್ತಿರ ಬರಬೇಕೆಂದಿಲ್ಲ. ಚುಕ್ಕೆ ಎಷ್ಟು ತುಳಿದರೂ ಅಷ್ಟೇ ಇತ್ತು. ಆಮೇಲೆ ಅದಕ್ಕೆ ಅವಳ ಹಸಿರು ಕೋಟಿನ ಬಣ್ಣ ಬಂತು, ಆಮೇಲೆ ತಲೆಗೆ ಕಟ್ಟಿದ ಬಟ್ಟೆ ಬಂತು, ಆಮೇಲೆ ಮುಖ. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ಅವನೂ ನೋಡುತ್ತಿದ್ದ. ಬೇರೆ ನೋಡಲಿಕ್ಕೆ ಅಲ್ಲಿ ಏನೂ ಇರಲಿಲ್ಲ.

ಸೈಕಲ್ಲನ್ನು ಕಟ್ಟೆಗೆ ಒರಗಿಸಿ ನಿಂತ. ಅವಳು ಮುಚ್ಚಳ ತೆಗೆದು ಬಾಟಲಿ ಕೊಟ್ಟಳು.

"ಇದನ್ನ ಕಟ್ಟೆ ಮೇಲೆ ಮರೆತಿದ್ದೆ. ತರೋಣ ಅಂತ ಹೋದೆ, ತಿರುಗಿ ನೋಡಿದ್ರೆ ನೀವಿಲ್ಲ," ಅಂದಳು.

"ಪಟ್ಟಿ ಹೊಡೀತು. ನೀನೇ ತಟ್ಟಿದೆ ಅಂದ್ಕೊಂಡೆ."

"ಬೆಳಿಗ್ಗೇನೇ ಹೇಳ್ದೆ, ಗುಂಡಿ ಹಾಕಿಕೊಡ್ತೀನಿ ಅಂತ."

"ಕೂಗಬಾರದಾಗಿತ್ತಾ?"

"ರೀ ಅನ್ನೋಕೆ ಬಾಯಿ ತೆಗೆದೆ," ಅಂದಳು. "ಆಮೇಲೆ ಬೇಡ ಅನ್ನಿಸ್ತು. ಎಷ್ಟು ದೂರ ಹೋದಮೇಲೆ ಗೊತ್ತಾಗುತ್ತೆ ನೋಡೋಣ ಅಂತ ಕೂತೆ."

ಅವನು ತಲೆ ತಗ್ಗಿಸಿದ. ಎಷ್ಟು ದೂರ ಅಂತ ಅವಳು ಕೇಳಲಿಲ್ಲ, ಅವಳಿಗೆ ಕಂಡಿತ್ತು. ಅವನು ಚುಕ್ಕೆಯಾಗಿ, ಚುಕ್ಕೆಯೂ ಇಲ್ಲದಂತಾಗುವ ತನಕ ಅವಳು ನೋಡಿದ್ದಳು.

"ಕೈ ಆಡಿಸ್ಕೊಂಡು ಏನೋ ಹೇಳ್ತಾ ಹೋಗ್ತಿದ್ರಿ. ನೀವು ಅಷ್ಟು ಮಾತಾಡಿದ್ದು ನಾನು ನೋಡೇ ಇಲ್ಲ. ಏನು ಹೇಳ್ತಿದ್ರಿ?"

ಹೇಳಬೇಕಾದ ಗಳಿಗೆ ಅದೇ. ಅವಳ ಮುಖ ಎದುರಿಗೇ ಇತ್ತು, ಧೂಳಿಗೆ ರೆಪ್ಪೆಯೆಲ್ಲ ಬೂದಿಬಣ್ಣ, ತುಟಿ ಒಡೆದಿತ್ತು, ಕಣ್ಣು ಕೆಂಪಗಿತ್ತು, ಗಾಳಿಗೋ ಬೇರೆಯದಕ್ಕೋ.

"ಏನಿಲ್ಲ," ಅಂದ.

ಅವಳ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ಸಿಟ್ಟು ಮಾಡಲಿಲ್ಲ. "ತಿರುಗಿ ಕೂತ್ಕೊಳ್ಳಿ," ಅಂದಳು. ಡಬ್ಬಿ ತೆಗೆದು ಸೂಜಿಗೆ ದಾರ ಪೋಣಿಸಿದಳು, ಗಾಳಿಗೆ ಬೆನ್ನು ಕೊಟ್ಟು, ಮೂರು ನಾಲ್ಕು ಸಲ ತಪ್ಪಿ. ಅವನು ಕಟ್ಟೆಯ ಮೇಲೆ ಕೂತ. ಕೋಟು ಬಿಚ್ಚಬೇಡಿ, ಚಳಿ ಹಿಡಿಯುತ್ತೆ, ಬೆವೆತಿದ್ದೀರಿ ಅಂತ ಮೈಮೇಲೆಯೇ ಗುಂಡಿ ಹೊಲಿದಳು. ಸೂಜಿ ಬಟ್ಟೆಯಲ್ಲಿ ಹೋಗಿ ಬರುವುದು ಬೆನ್ನಿಗೆ ಗೊತ್ತಾಗುತ್ತಿತ್ತು. "ನೀವು ಬರೋದನ್ನೂ ಪೂರ್ತಿ ನೋಡ್ದೆ," ಅವಳು ಬೆನ್ನ ಹಿಂದಿನಿಂದ ಹೇಳಿದಳು. "ಒಳ್ಳೇ ಗಾಣದೆತ್ತಿನ ಥರ ತುಳೀತಿದ್ರಿ, ಮುಂದಕ್ಕೇ ಬರ್ತಿರಲಿಲ್ಲ. ಅಷ್ಟು ಹೊತ್ತು ನನ್ನ ಕಡೆ ಮುಖ ಮಾಡಿದ್ದು ನೀವು ಇದೇ ಮೊದಲು." ಬಗ್ಗಿ ಹಲ್ಲಿನಿಂದ ದಾರ ಕಡಿದಳು. ಅವಳ ಉಸಿರು ಕೋಟಿನ ಮೂಲಕ ಬೆನ್ನಿಗೆ ತಾಗಿ ಬೆಚ್ಚಗಾಯಿತು.

"ಒಬ್ಬನೇ ಆಗಲ್ಲ," ಅವನು ಹೇಳಿದ. "ಸೈಕಲ್. ನೀನು ಎಷ್ಟು ತುಳೀತಿದ್ದೆ ಅಂತ ಇವತ್ತು ಗೊತ್ತಾಯ್ತು. ನೀನು ಸುಮ್ನೆ ಕೂತಿರ್ತೀಯ ಅಂದ್ಕೊಳ್ತಿದ್ದೆ."

"ಅದೂ ನನಗೆ ಗೊತ್ತಿತ್ತು," ಅಂದಳು. ನಕ್ಕಳೋ ಇಲ್ಲವೋ ಅವನಿಗೆ ಕಾಣಲಿಲ್ಲ. ಡಬ್ಬಿ ಮುಚ್ಚಿದ ಸದ್ದು ಕೇಳಿತು. "ಏಳಿ. ನಾನು ಮುಂದೆ ಕೂರ್ತೀನಿ."

"ನೀನಾ? ಯಾಕೆ?"

"ನೀವು ಹಿಂದಿದ್ರೆ ಬಿಟ್ಟು ಹೋಗೋಕಾಗಲ್ವಲ್ಲ."

ಸೀಟಿನ ಕಂಬಿಗಳು ವರ್ಷಗಟ್ಟಲೆ ಅಲುಗಾಡದೆ ತುಕ್ಕು ಹಿಡಿದು ಕೂತಿದ್ದವು. ಇಬ್ಬರೂ ಸೇರಿ ತಿರುಚಿ, ಎಳೆದು, ಮುಂದಿನದನ್ನು ತಗ್ಗಿಸಿ ಹಿಂದಿನದನ್ನು ಎತ್ತರಿಸಿದರು. ಬ್ರೇಕು ಇದು, ಗೇರು ಇದು, ಹಿಡಿಯುವಾಗ ಮೆತ್ತಗೆ ಹಿಡಿ ಅಂತ ಅವನು ಹೇಳಿಕೊಟ್ಟ. ಅವಳು ಕಾಲೂರಿ ನಿಂತು ಹ್ಯಾಂಡಲನ್ನು ಬಿಟ್ಟರೆ ಹಾರಿಹೋಗುತ್ತದೆಂಬಂತೆ ಹಿಡಿದಿದ್ದಳು. ಅವನು ಹತ್ತಿ ಕೂತ. ತಟ್ಟಬೇಕಾದವನು ಈಗ ತಾನು ಅನ್ನುವುದು ತಡವಾಗಿ ನೆನಪಾಗಿ, ಅವಳ ಬೆನ್ನಿಗೆ ಎರಡು ಸಲ ತಟ್ಟಿದ. ಅವಳ ಬೆನ್ನು ಇಷ್ಟು ಚಿಕ್ಕದು ಅಂತ ಅವನಿಗೆ ಗೊತ್ತಿರಲಿಲ್ಲ.

ಸೊಟ್ಟಸೊಟ್ಟ ಹೊರಟರು. ಉದ್ದಪ್ಪ ರಸ್ತೆಯ ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ಹೋಗಿ ಬಂದ. ಅವಳು ಅಯ್ಯೋ ಅಂದಳು, ನಕ್ಕಳು, ಮತ್ತೆ ಅಯ್ಯೋ ಅಂದಳು. ಅವನ ಕೈಯಲ್ಲಿದ್ದ ಹ್ಯಾಂಡಲ್ ಎಷ್ಟು ತಿರುಗಿಸಿದರೂ ತಿರುಗುತ್ತಿರಲಿಲ್ಲ. ಅವನಿಗೆ ಕಾಣುತ್ತಿದ್ದದ್ದು ಹಸಿರು ಕೋಟು, ತಲೆಬಟ್ಟೆಯಿಂದ ತಪ್ಪಿಸಿಕೊಂಡ ಕೂದಲು, ಕತ್ತಿನ ಮೇಲೆ ಒಂದು ಸಣ್ಣ ಮಚ್ಚೆ. ಇದನ್ನು ಅವನು ಮರೆತಿದ್ದನೋ, ನೋಡಿಯೇ ಇರಲಿಲ್ಲವೋ. ಕ್ರಮೇಣ ಅವಳ ಕೈ ನೆಟ್ಟಗಾಯಿತು. ಗಾಳಿ ಹಿಂದಿನಿಂದ ಹಿಡಿದುಕೊಂಡಿತು, ವೇಗ ಬಂತು, ಮತ್ತೆ ಆ ಮೌನ, ಬಾಗಿಲು ಹಾಕಿದ ಕೋಣೆಯದು.

"ಹೋಗಬೇಡ," ಅವನು ಅಂದ.

ಮೊದಲಿನಷ್ಟು ಮಾತು ಬರಲಿಲ್ಲ. ಇದೊಂದೇ ಬಂತು. ಗಾಳಿ ಅದನ್ನು ಮುಂದಕ್ಕೆ ಒಯ್ದಿರಬೇಕು. ಅವಳ ಹೆಗಲು ಬಿಗಿಯಾದದ್ದನ್ನು ಅವನು ನೋಡಿದ. ಉತ್ತರ ಬರಲಿಲ್ಲ. ರಸ್ತೆ ಸರಿಯುತ್ತಿತ್ತು. ಈ ಸಲ ಅವಳು ಇದ್ದಾಳೋ ಇಲ್ಲವೋ ಅನ್ನುವ ಅನುಮಾನಕ್ಕೆ ಎಡೆಯಿರಲಿಲ್ಲ, ಕಣ್ಣೆದುರಿಗೇ ಇದ್ದಳು, ಕೈಚಾಚಿದರೆ ಸಿಗುವಷ್ಟು ಹತ್ತಿರ, ಅವಳ ಬಲ ತನ್ನ ಪಾದಗಳ ಕೆಳಗೆ ಪೆಡಲಿನಲ್ಲಿ ತಿರುಗುತ್ತಿತ್ತು. ಅದಕ್ಕೇ ಈ ಮೌನ ಮೊದಲಿನದಕ್ಕಿಂತ ಕಷ್ಟವಾಗಿತ್ತು. ಅವಳು ಇಷ್ಟು ವರ್ಷ ಇಂಥದರಲ್ಲೇ ಕೂತಿದ್ದಳು ಅನ್ನಿಸಿತು.

ಅವಳ ಬಲಗೈ ಹ್ಯಾಂಡಲನ್ನು ಬಿಟ್ಟಿತು. ಸೈಕಲ್ ವಾಲಿತು. ಕೈ ಹಿಂದಕ್ಕೆ ಬಂದು ಗಾಳಿಯಲ್ಲಿ ತಡವರಿಸಿ ಅವನ ಮೊಣಕಾಲನ್ನು ಹುಡುಕಿಕೊಂಡು ಒಂದು ಸಲ ತಟ್ಟಿತು. ಅಷ್ಟರಲ್ಲಿ ಮುಂದಿನ ಚಕ್ರ ರಸ್ತೆಯ ಅಂಚಿಗೆ ಹೋಯಿತು, ಅವಳು ಗಡಬಡಿಸಿ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಹೇಗೋ ಸರಿಮಾಡಿದಳು. ಒಂದು ಸಲ. ನಿಲ್ಲಿಸಿ, ಇಳೀಬೇಕು. ನಿಲ್ಲಿಸುವ ಬ್ರೇಕು ಕೂಡ ಅವನ ಕೈಯಲ್ಲಿರಲಿಲ್ಲ. ತುಳಿಯುತ್ತಾ ಹೋದ, ಅವಳೂ ತುಳಿಯುತ್ತಾ ಹೋದಳು. ಸೈಕಲ್ ನೆಟ್ಟಗಾಗುವುದನ್ನೇ ಕಾದಿದ್ದ ಹಾಗೆ ಆ ಕೈ ಮತ್ತೆ ಹ್ಯಾಂಡಲನ್ನು ಬಿಟ್ಟು ಹಿಂದಕ್ಕೆ ಬಂತು, ಈ ಸಲ ಹುಡುಕದೆ, ನೆಟ್ಟಗೆ ಅವನ ಮೊಣಕಾಲಿಗೆ, ಎರಡನೇ ಸಲ ತಟ್ಟಿತು. ತಟ್ಟಿ ಅಲ್ಲೇ ಇತ್ತು. ಸೈಕಲ್ ವಾಲುತ್ತಿತ್ತು, ಹ್ಯಾಂಡಲ್ ಹಿಡಿ ಅಂತ ಹೇಳಬೇಕು ಅಂತ ಅವನಿಗೆ ಗೊತ್ತಿತ್ತು, ಹೇಳಲಿಲ್ಲ.